ಹಳೆಯ ಗೇಮ್ ಆಡುವುದಾದರೆ ಮೂಲ ಆವೃತ್ತಿಯೋ, ರೀಮಾಸ್ಟರೋ, ರೀಮೇಕೋ?

ಹಳೆಯ ವೀಡಿಯೊ ಗೇಮ್ ಒಂದನ್ನು ಆಡೋಣ ಎಂದು ಹೊರಟರೆ ಈಗ ಒಂದೇ ಹೆಸರಿನಲ್ಲಿ ಎರಡು ಮೂರು ಆವೃತ್ತಿಗಳು ಎದುರಾಗುತ್ತವೆ: ಮೂಲ, ಅದನ್ನೇ ಹೊಸ ಯಂತ್ರಕ್ಕೆ ಚೊಕ್ಕ ಮಾಡಿದ ರೀಮಾಸ್ಟರ್, ಮೊದಲಿನಿಂದ ಹೊಸದಾಗಿ ಕಟ್ಟಿದ ರೀಮೇಕ್. ಜಿಟಿಎ ವೈಸ್ ಸಿಟಿಗೆ 2002ರ ಮೂಲವಿದೆ, 2021ರ ಡೆಫಿನಿಟಿವ್ ಎಡಿಷನ್ ಇದೆ. ಏಜ್ ಆಫ್ ಎಂಪೈರ್ಸ್ 2ಕ್ಕೆ 1999, 2013, 2019 ಎಂದು ಮೂರು. ರೆಸಿಡೆಂಟ್ ಈವಿಲ್ 2 ಎಂದರೆ 1998ರದೋ 2019ರದೋ ಎಂದು ಕೇಳಿಯೇ ಮಾತು ಮುಂದುವರಿಸಬೇಕು. ಟ್ರೇಲರ್, ಫೋಟೊ ನೋಡಿ ಆರಿಸಿದರೆ ಎಷ್ಟೋ ಸಲ ಕಳಪೆಯದೇ ಕೈಗೆ ಬರುತ್ತದೆ, ಯಾಕೆಂದರೆ ನಿಂತ ಚಿತ್ರದಲ್ಲಿ ಹೊಸದು ಯಾವಾಗಲೂ ಹೆಚ್ಚು ಹೊಳೆಯುತ್ತದೆ.

ನಾನು ಆರಿಸುವಾಗ ಮೊದಲು ನೋಡುವುದು ಇಷ್ಟು: ಹಳೆಯ ಚಿತ್ರ ಆ ಆಟದೊಳಗೆ ಯಾವ ಕೆಲಸ ಮಾಡುತ್ತಿತ್ತು? ಶತ್ರುವನ್ನು ಬೇಗ ಗುರುತಿಸಲು ನೆರವಾಗುತ್ತಿತ್ತೇ, ಭಯ ಹುಟ್ಟಿಸುತ್ತಿತ್ತೇ, ಊರು ದೊಡ್ಡದು ಎಂಬ ಭಾವನೆ ಕೊಡುತ್ತಿತ್ತೇ? ಹೊಸ ಆವೃತ್ತಿ ಆ ಕೆಲಸವನ್ನು ಉಳಿಸಿಕೊಂಡಿದ್ದರೆ ಅದನ್ನೇ ಕೊಳ್ಳಿ. ಇಲ್ಲವಾದರೆ ಅದು ಎಷ್ಟೇ ಚಂದ ಕಂಡರೂ ಮೂಲವೇ ಮೇಲು.

ಯಾವ ಪರದೆಗಾಗಿ ಬರೆದ ಚಿತ್ರ

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮನೆಗಳಿಗೆ ಬಂದ ಟೀವಿ ಗೇಮ್‌ಗಳಲ್ಲಿ ಹೆಚ್ಚಿನವು ನಿಂಟೆಂಡೊ ಫ್ಯಾಮಿಕಾಮ್ ಯಂತ್ರದ ನಕಲುಗಳು. ಕ್ಯಾಸೆಟ್ ಸಿಕ್ಕಿಸಿ ಮಾರಿಯೊ, ಕಾಂಟ್ರಾ ಆಡಿದವರು ಅವನ್ನು ನೋಡಿದ್ದು ಪಿಕ್ಚರ್ ಟ್ಯೂಬ್ ಟೀವಿಯಲ್ಲಿ. ಆ ಯಂತ್ರದ ಚಿತ್ರ ಅಡ್ಡಕ್ಕೆ 256 ಚುಕ್ಕಿ, ಉದ್ದಕ್ಕೆ 240. 1985ರ ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್‌ನಲ್ಲಿ ಮುಗಿದಿದೆ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಆಕಾರ ಬಳಸಿ ಬಣ್ಣ ಮಾತ್ರ ಬದಲಿಸಿದ್ದಾರೆ. ಮಾರಿಯೊನ ಮೀಸೆ, ಟೋಪಿ ಕೂಡ ಇಂಥ ಕೊರತೆಯಲ್ಲೇ ಹುಟ್ಟಿದವು. 1981ರ ಡಾಂಕಿ ಕಾಂಗ್‌ನಲ್ಲಿ ಅವನನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅವರಿಗೆ ಅಷ್ಟು ಕಡಿಮೆ ಚುಕ್ಕಿಯಲ್ಲಿ ಬಾಯಿ ಬಿಡಿಸುವುದು, ಹಾರುವಾಗ ಅಲುಗುವ ಕೂದಲು ಬಿಡಿಸುವುದು ಕಷ್ಟವಾಗಿತ್ತು. ಈಗ ಈ ಆಟವನ್ನು ಆಡಿ ನೋಡಿ: ಓಡುತ್ತಿರುವಾಗಲೂ ಯಾವುದು ನೆಲ, ಯಾವುದು ಶತ್ರು, ಯಾವುದು ಬರೀ ಹಿನ್ನೆಲೆ ಎಂಬುದು ಕಣ್ಣಿಗೆ ಥಟ್ಟನೆ ತಿಳಿಯುತ್ತದೆ. ಎರಡು ಆಯಾಮದ ಆಟಗಳ ಗ್ರಾಫಿಕ್ಸ್‌ಗೆ ಇದೇ ಮೊದಲ ಪರೀಕ್ಷೆ. ಇದರಲ್ಲಿ ಸೋಲುವ ಹೊಸ ಆಟಗಳು ಬೇಕಾದಷ್ಟಿವೆ.

ಆದರೆ ಈ ಆಟಗಳನ್ನು ಈಗಿನ ಎಲ್‌ಇಡಿ ಪರದೆಯಲ್ಲಿ ಹಾಗೆಹಾಗೇ ತೋರಿಸಿದರೆ ಬರೆದ ಚಿತ್ರ ಒಂದು, ಕಾಣುವ ಚಿತ್ರ ಇನ್ನೊಂದು ಆಗುತ್ತದೆ. 1991ರ ಸೋನಿಕ್ ದ ಹೆಜ್‌ಹಾಗ್‌ನ ಜಲಪಾತ ನೋಡಿ. ಸೆಗಾ ಮೆಗಾ ಡ್ರೈವ್‌ಗೆ ಅರೆಪಾರದರ್ಶಕ ನೀರನ್ನು ಸುಲಭವಾಗಿ ತೋರಿಸಲು ಆಗುತ್ತಿರಲಿಲ್ಲ. ಕಲಾವಿದರು ಒಂದು ಗೆರೆ ನೀರು, ಒಂದು ಗೆರೆ ಖಾಲಿ ಎಂದು ಉದ್ದುದ್ದ ಪಟ್ಟಿ ಬರೆದರು. ಹಳೆಯ ಕಾಂಪೊಸಿಟ್ ವೈರ್ ಮತ್ತು ಟೀವಿ ಆ ಪಟ್ಟಿಗಳನ್ನು ಒಂದರೊಳಗೊಂದು ಕಲೆಸಿಬಿಡುತ್ತಿದ್ದವು, ಹಿಂದಿನ ಬಂಡೆ ನೀರಿನೊಳಗಿಂದ ಕಾಣುತ್ತಿತ್ತು. ಈಗಿನ ಪರದೆಯಲ್ಲಿ ಅದು ಕಂಬಿಗಳ ಸಾಲು. ಇದನ್ನು ನೋಡಿ ಹಳೆಯ ಗ್ರಾಫಿಕ್ಸ್ ಕಳಪೆ ಎಂದು ತೀರ್ಮಾನಿಸುವುದು ಆ ಕಲಾವಿದರಿಗೆ ಮಾಡುವ ಅನ್ಯಾಯ.

ಹಾಗಾಗಿ ಆ ಕಾಲದ ಆಟವನ್ನು ಅಳೆಯುವ ಮುಂಚೆ ಎರಡು ಕೆಲಸ ಮಾಡಿ. ಚಿತ್ರವನ್ನು ಪರದೆಯ ತುಂಬ ಎಳೆಯದೆ ಹಳೆಯ ಟೀವಿಯ 4:3 ಅಳತೆಯಲ್ಲೇ ಇಡಿ. ಎಮ್ಯುಲೇಟರ್ (ಹಳೆಯ ಯಂತ್ರದಂತೆ ನಡೆದುಕೊಳ್ಳುವ ತಂತ್ರಾಂಶ) ಅಥವಾ ಮರುಬಿಡುಗಡೆಯಲ್ಲಿ ಸಿಆರ್‌ಟಿ ಫಿಲ್ಟರ್, ಅಂದರೆ ಪಿಕ್ಚರ್ ಟ್ಯೂಬ್ ಟೀವಿಯ ನೋಟ ಕೊಡುವ ಆಯ್ಕೆ, ಇದ್ದರೆ ಹಾಕಿ ನೋಡಿ, ರೆಟ್ರೊಆರ್ಚ್ ಎಂಬ ತಂತ್ರಾಂಶದಲ್ಲಿ ಇಂಥ ಹಲವು ಸಿಗುತ್ತವೆ. ಚುಕ್ಕಿಗಳನ್ನು ನುಣ್ಣಗೆ ಮಾಡುವ ಸ್ಮೂತಿಂಗ್ ಫಿಲ್ಟರ್ ಮಾತ್ರ ಬೇಡ. ಅದು ಮುಖ, ಇಟ್ಟಿಗೆ, ಹುಲ್ಲು ಎಲ್ಲವನ್ನೂ ಒಂದೇ ಹದದ ಮೇಣವಾಗಿಸುತ್ತದೆ.

ಇನ್ನೊಂದು ಮಾತು. ನಿಂತ ಚಿತ್ರದಿಂದ ಹಳೆಯ ಆಟವನ್ನು ಅಳೆಯಬೇಡಿ. 1989ರ ಪ್ರಿನ್ಸ್ ಆಫ್ ಪರ್ಷಿಯಾದ ಒಂದು ಸ್ಕ್ರೀನ್‌ಶಾಟ್‌ನಲ್ಲಿ ಬಿಳಿ ಬಟ್ಟೆಯ ಪುಟ್ಟ ಮನುಷ್ಯನೊಬ್ಬ ಕಾಣುತ್ತಾನೆ, ಅಷ್ಟೇ. ಅವನು ಓಡಿ, ಅಂಚಿಗೆ ಜೋತುಬಿದ್ದು, ಮೈ ಎಳೆದುಕೊಂಡು ಮೇಲೆ ಹತ್ತುವುದನ್ನು ನೋಡಿದರೆ ದೇಹದ ಭಾರವೇ ಕಣ್ಣಿಗೆ ಕಟ್ಟುತ್ತದೆ. ಜೋರ್ಡನ್ ಮೆಕ್ನರ್ ತಮ್ಮ ಸೋದರ ಓಡುವುದನ್ನು, ನೆಗೆಯುವುದನ್ನು ವೀಡಿಯೊ ತೆಗೆದು ಫ್ರೇಮ್ ಫ್ರೇಮ್ ಆಗಿ ಬಿಡಿಸಿಕೊಂಡಿದ್ದರು. ಆ ಚಲನೆ ಇಂದಿಗೂ ಹಳತಾಗಿಲ್ಲ.

ಮೊದಲ ತ್ರೀಡಿ ದಿನಗಳು

ನನ್ನ ಮಟ್ಟಿಗೆ ಕಣ್ಣಿಗೆ ತೀರ ಒರಟು ಅನ್ನಿಸುವುದು 1994ರಿಂದ 2000ದವರೆಗಿನ ತ್ರೀಡಿ ಆಟಗಳು. ಆದರೆ ಇಲ್ಲೂ ಯಂತ್ರದ ಕೊರತೆ ಯಾವುದು, ತಯಾರಕರ ಕೆಲಸ ಯಾವುದು ಎಂದು ಬಿಡಿಸಿ ನೋಡಬಹುದು. ಮೊದಲ ಪ್ಲೇಸ್ಟೇಷನ್‌ಗೆ ಆಕಾರಗಳನ್ನು ಕಟ್ಟುವ ಬಹುಭುಜಗಳ ಮೂಲೆಗಳನ್ನು ಸೂಕ್ಷ್ಮವಾಗಿ ಇಡಲು ಬರುತ್ತಿರಲಿಲ್ಲ, ಅವು ಪೂರ್ಣಾಂಕದ ಚುಕ್ಕಿಗಳಿಗೆ ಜಿಗಿಯುತ್ತಿದ್ದವು. ಟೆಕ್ಸ್ಚರ್, ಅಂದರೆ ಮೇಲ್ಮೈಯ ಚಿತ್ರ, ಅಂಟಿಸುವಾಗ ದೂರ ಹತ್ತಿರದ ಲೆಕ್ಕವೂ ಇರಲಿಲ್ಲ. ಗೋಡೆ ನಡುಗುವುದು, ನೆಲದ ಟೈಲ್ಸ್ ಸೊಟ್ಟಗಾಗುವುದು ಇದರಿಂದಲೇ. 1996ರ ನಿಂಟೆಂಡೊ 64ರಲ್ಲಿ ಆ ನಡುಕ ಇಲ್ಲ. ಬದಲಿಗೆ ಟೆಕ್ಸ್ಚರ್ ಇಡುವ ಜಾಗ ಬರೀ 4 ಕಿಲೋಬೈಟ್, ಹಾಗಾಗಿ ಎಲ್ಲವೂ ಮಬ್ಬು.

ಈ ಮಿತಿಯನ್ನು ಮೊದಲೇ ಅಳೆದು ಕೆಲಸ ಮಾಡಿದವರ ಆಟಗಳು ಈಗಲೂ ನಿಲ್ಲುತ್ತವೆ. 1996ರ ಕ್ರ್ಯಾಶ್ ಬ್ಯಾಂಡಿಕೂಟ್‌ನಲ್ಲಿ ನಾಟಿ ಡಾಗ್ ತಂಡ ಕ್ರ್ಯಾಶ್‌ನ ಮೈಗೆ ಬಹುಪಾಲು ಟೆಕ್ಸ್ಚರ್ ಅಂಟಿಸಲೇ ಇಲ್ಲ, ಬಹುಭುಜಗಳಿಗೆ ನೇರವಾಗಿ ಬಣ್ಣ ಹಚ್ಚಿತು. ಟೆಕ್ಸ್ಚರ್ ಇಲ್ಲದ ಮೇಲೆ ಸೊಟ್ಟಗಾಗುವುದು ಎಲ್ಲಿಂದ? 1999ರ ಸೈಲೆಂಟ್ ಹಿಲ್ ತಂಡಕ್ಕೆ ಇಡೀ ಊರನ್ನು ದೂರದವರೆಗೆ ತೋರಿಸುವ ಶಕ್ತಿ ಯಂತ್ರದಲ್ಲಿರಲಿಲ್ಲ. ಅವರು ಊರಿಗೆ ಮಂಜು ಕವಿಸಿದರು. ನಾಲ್ಕು ಹೆಜ್ಜೆ ಆಚೆ ಏನಿದೆ ಎಂದು ತಿಳಿಯದ ಭಯವೇ ಆ ಆಟದ ಜೀವ.

ಎಮ್ಯುಲೇಟರ್‌ನಲ್ಲಿ ಆಡುವವರು ಇಲ್ಲಿ ಒಂದು ಆಯ್ಕೆ ಮಾಡಬೇಕಾಗುತ್ತದೆ. ಡಕ್‌ಸ್ಟೇಷನ್‌ನಂಥವು ಪ್ಲೇಸ್ಟೇಷನ್ ನಡುಕವನ್ನು ಸರಿಪಡಿಸಿ ರೆಸಲ್ಯೂಶನ್ (ಚಿತ್ರದ ಚುಕ್ಕಿಗಳ ಸಂಖ್ಯೆ) ಹಲವು ಪಟ್ಟು ಏರಿಸುತ್ತವೆ. ರೇಸಿಂಗ್, ಫೈಟಿಂಗ್ ಆಟಗಳಿಗೆ ನಾನು ಅದನ್ನು ಖಂಡಿತ ಹಾಕುತ್ತೇನೆ. ಆದರೆ 1997ರ ಫೈನಲ್ ಫ್ಯಾಂಟಸಿ 7, ಮೊದಲ ರೆಸಿಡೆಂಟ್ ಈವಿಲ್‌ಗಳು ಬೇರೆ ಜಾತಿಯವು. ಅವುಗಳ ಹಿನ್ನೆಲೆ ಮೊದಲೇ ಬರೆದಿಟ್ಟ ಚಿತ್ರ. ರೆಸಲ್ಯೂಶನ್ ಏರಿಸಿದಾಗ ಪಾತ್ರ ಮಾತ್ರ ಚೂಪಾಗುತ್ತದೆ, ಹಿನ್ನೆಲೆ ಮಸುಕಾಗಿಯೇ ಉಳಿಯುತ್ತದೆ, ಪಾತ್ರ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಇಂಥ ಆಟಗಳನ್ನು ಮೂಲ ಅಳತೆಯಲ್ಲೇ ಬಿಡಿ. ಎರಡೂ ಒಂದೇ ಮಟ್ಟದಲ್ಲಿ ಮಸುಕಾಗಿದ್ದಾಗ ದೃಶ್ಯ ಒಂದಾಗಿ ಕೂಡುತ್ತದೆ.

2004ರ ಎರಡು ಆಟಗಳು

ಒಂದೇ ವರ್ಷ ಬಂದ ಎರಡು ಆಟಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಗ್ರಾಫಿಕ್ಸ್ ಅಳೆಯಲು ಒಳ್ಳೆಯ ಅಭ್ಯಾಸ. ಡೂಮ್ 3 ಬಂದದ್ದು 2004ರ ಆಗಸ್ಟ್‌ನಲ್ಲಿ, ಹಾಫ್-ಲೈಫ್ 2 ಅದೇ ವರ್ಷ ನವೆಂಬರ್‌ನಲ್ಲಿ. ತಂತ್ರದ ದೃಷ್ಟಿಯಿಂದ ಡೂಮ್ 3 ಧೈರ್ಯದ ಕೆಲಸ: ಬೆಳಕು ನೆರಳು ಎಲ್ಲವೂ ಆಡುತ್ತಿರುವಾಗಲೇ ಲೆಕ್ಕವಾಗುತ್ತದೆ, ದೀಪ ತೂಗಾಡಿದರೆ ನೆರಳೂ ತೂಗುತ್ತದೆ. ಹಾಫ್-ಲೈಫ್ 2 ಹೆಚ್ಚಿನ ಬೆಳಕನ್ನು ಮೊದಲೇ ಗಂಟೆಗಟ್ಟಲೆ ಲೆಕ್ಕ ಹಾಕಿ ಗೋಡೆಗಳಿಗೆ ಬರೆದಿಟ್ಟುಬಿಟ್ಟಿತು. ಬಿಸಿಲು ನೆಲಕ್ಕೆ ಬಡಿದು ಪಕ್ಕದ ಗೋಡೆಯ ಮೇಲೆ ಮೆಲ್ಲಗೆ ಹರಡುವುದೂ ಆ ಲೆಕ್ಕದಲ್ಲಿ ಸೇರಿತ್ತು.

ಇಪ್ಪತ್ತು ವರ್ಷದ ಮೇಲೆ ನೋಡಿದರೆ ಡೂಮ್ 3ರ ನೆರಳುಗಳ ಅಂಚು ಕತ್ತಿಯಂತೆ ಚೂಪು, ಪಾತ್ರಗಳ ತಲೆಯ ಹೊರಗೆರೆ ಮೂಲೆಮೂಲೆ. ಹಾಫ್-ಲೈಫ್ 2ರ ರೈಲು ನಿಲ್ದಾಣ, ಸಮುದ್ರ ತೀರದ ರಸ್ತೆ ಇಂದಿಗೂ ನಂಬುವಂತಿವೆ. ಅಂದಿನ ಯಂತ್ರಕ್ಕೆ ಮೀರಿದ್ದನ್ನು ಮುಂಚೆಯೇ ಮಾಡಿಟ್ಟ ಜಾಣತನ ಅಲ್ಲಿ ಗೆದ್ದಿತು. ಇಷ್ಟಾದರೂ ಡೂಮ್ 3 ಸೋತಿತು ಎನ್ನಲು ನಾನು ಸಿದ್ಧನಿಲ್ಲ, ಯಾಕೆಂದರೆ ಅದರ ಕತ್ತಲೆ ಆಟದ ನಿಯಮವೇ ಆಗಿದೆ. ಮೂಲದಲ್ಲಿ ಟಾರ್ಚ್ ಹಿಡಿದರೆ ಬಂದೂಕು ಇಲ್ಲ, ಬಂದೂಕು ಹಿಡಿದರೆ ಬೆಳಕಿಲ್ಲ. 2012ರ ಬಿಎಫ್‌ಜಿ ಎಡಿಷನ್ ಟಾರ್ಚನ್ನು ಕವಚಕ್ಕೆ ಸಿಕ್ಕಿಸಿ, ಕೋಣೆಗಳನ್ನೂ ಬೆಳಗಿಸಿತು. ಆಡಲು ಸಲೀಸು, ಭಯ ಅರ್ಧ. ಹೆದರಲು ಆಡುವವರು 2004ರ ಮೂಲವನ್ನೇ ಹುಡುಕಿ. ಹಾಫ್-ಲೈಫ್ 2ಕ್ಕೆ ಈ ಗೊಂದಲವಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಇಪ್ಪತ್ತನೇ ವರ್ಷದ ಅಪ್‌ಡೇಟ್‌ನಲ್ಲಿ ಕಥೆ ಮುಂದುವರಿಸುವ ಎರಡು ಎಪಿಸೋಡ್‌ಗಳೂ ಒಳಗೇ ಸೇರಿವೆ.

ಇದೇ ಕಾಲದ ಜೆಲ್ಡಾ ವಿಂಡ್ ವೇಕರ್ ಬಗ್ಗೆಯೂ ಹೇಳಲೇಬೇಕು. 2001ರಲ್ಲಿ ಅದರ ಕಾರ್ಟೂನಿನಂಥ ಚಿತ್ರ ಮೊದಲು ಹೊರಬಿದ್ದಾಗ ಮಕ್ಕಳಾಟ ಎಂದು ಮೂಗು ಮುರಿದವರು ಬಹಳ. ಅಂದು ನೈಜತೆಗಾಗಿ ಹೆಣಗಿದ ಎಷ್ಟೋ ಆಟಗಳ ಮುಖಗಳು ಈಗ ಗೊಂಬೆಯಂತಾಗಿವೆ. ವಿಂಡ್ ವೇಕರ್‌ನ ಕಡಲು, ಹೊಗೆ, ಕಣ್ಣುಗಳ ಭಾವ ಹಾಗೇ ಉಳಿದಿವೆ. ಅದರ 2013ರ ಎಚ್‌ಡಿ ಆವೃತ್ತಿಯಲ್ಲಿ ಬೆಳಕು ಸ್ವಲ್ಪ ಅತಿಯಾಯಿತು ಅನ್ನಿಸಿದರೂ ಹಡಗಿಗೆ ವೇಗದ ಹಾಯಿ ಸಿಕ್ಕಿತು. ಮೊದಲ ಸಲ ಆಡುವವರಿಗೆ ನಾನು ಎಚ್‌ಡಿಯನ್ನೇ ಹೇಳುತ್ತೇನೆ.

ಕೆಲವು ಆವೃತ್ತಿಗಳ ತೀರ್ಪು

ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದ ತಲೆಮಾರಿಗೆ ಜಿಟಿಎ ಬಗ್ಗೆ ವಿವರಿಸಬೇಕಿಲ್ಲ. 2021ರ ನವೆಂಬರ್‌ನಲ್ಲಿ ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರೂ ಸೇರಿದ ಡೆಫಿನಿಟಿವ್ ಎಡಿಷನ್ ಬಂದಾಗ ಆದದ್ದು ರೀಮಾಸ್ಟರ್ ಹೇಗಿರಬಾರದು ಎಂಬುದಕ್ಕೆ ಪಾಠ. ಮೂಲ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರದಲ್ಲಿ ಕವಿದಿರುತ್ತಿದ್ದ ಕಿತ್ತಳೆ ಮಬ್ಬು ಯಂತ್ರದ ದೌರ್ಬಲ್ಯವನ್ನು ಮುಚ್ಚಲು ಇತ್ತು, ನಿಜ. ಆದರೆ ಮೂರು ನಗರ, ಮರುಭೂಮಿ, ಹಳ್ಳಿಗಾಡು ಇರುವ ರಾಜ್ಯವೊಂದು ದೊಡ್ಡದು ಎಂಬ ಭಾವನೆ ಹುಟ್ಟುತ್ತಿದ್ದದ್ದೂ ಆ ಮಬ್ಬಿನಿಂದಲೇ. ಹೊಸದರಲ್ಲಿ ಅದನ್ನು ತೆಗೆದದ್ದೇ ತಡ, ಬೆಟ್ಟ ಹತ್ತಿ ನಿಂತರೆ ಒಂದು ಊರಿನಿಂದ ಇನ್ನೊಂದು ಊರು ಕೂಗಳತೆಯಲ್ಲಿ ಕಂಡಿತು. ಮಳೆ ಬಿಳಿ ಗೆರೆಗಳಾಗಿ ರಸ್ತೆಯನ್ನೇ ಮರೆಮಾಡಿತು, ಬೋರ್ಡುಗಳ ಅಕ್ಷರ ತಪ್ಪಿದವು, ಪಾತ್ರಗಳ ಮುಖ ಪ್ಲಾಸ್ಟಿಕ್ ಆಯಿತು. ರಾಕ್‌ಸ್ಟಾರ್ ಕ್ಷಮೆ ಕೇಳಿ, ಮಾರಾಟದಿಂದ ತೆಗೆದಿದ್ದ ಮೂಲ ಆಟಗಳನ್ನು ತನ್ನ ಪಿಸಿ ಅಂಗಡಿಗೆ ಮರಳಿ ತರಬೇಕಾಯಿತು. 2024ರ ನವೆಂಬರ್ ಅಪ್‌ಡೇಟ್ ಹಳೆಯ ಬೆಳಕಿನ ಆಯ್ಕೆಯನ್ನು ಕೊಟ್ಟ ಮೇಲೆ ಅದು ಆಡುವ ಮಟ್ಟಕ್ಕೆ ಬಂದಿದೆ.

ಹಳೆಯ ಡಿಸ್ಕ್ ಅಥವಾ ಹಿಂದೆ ಕೊಂಡ ಪ್ರತಿ ಇದ್ದರೆ ಪಿಸಿಯಲ್ಲಿ ಮೂಲವೇ ಆಡಿ. ಎರಡು ಎಚ್ಚರಿಕೆ: ಸ್ಯಾನ್ ಆಂಡ್ರಿಯಾಸ್‌ನ ಕೆಲವು ಚಲನೆಗಳ ಲೆಕ್ಕ ಫ್ರೇಮ್ ದರಕ್ಕೆ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದಕ್ಕೆ) ಅಂಟಿಕೊಂಡಿದೆ, ಫ್ರೇಮ್ ಲಿಮಿಟರ್ ತೆಗೆದರೆ ಈಜು ಕೂಡ ಎಡವಟ್ಟಾಗುತ್ತದೆ. ಪರವಾನಗಿ ಮುಗಿದ ಕೆಲವು ಹಾಡುಗಳು ನಂತರದ ಡಿಜಿಟಲ್ ಪ್ರತಿಗಳಲ್ಲಿ ಇಲ್ಲ, ರೇಡಿಯೊ ಕೇಳುತ್ತ ಗಾಡಿ ಓಡಿಸುವುದೇ ಅರ್ಧ ಸುಖವಾಗಿದ್ದ ಆಟಕ್ಕೆ ಇದು ಸಣ್ಣ ನಷ್ಟವಲ್ಲ. ಫೋನ್ ಅಥವಾ ಹೊಸ ಕನ್ಸೋಲ್ ಇರುವವರು ಹೊಸದನ್ನು ಹಳೆಯ ಬೆಳಕಿನ ಆಯ್ಕೆ ಹಾಕಿಯೇ ಆಡಿ.

ಏಜ್ ಆಫ್ ಎಂಪೈರ್ಸ್ 2 ಇದಕ್ಕೆ ತದ್ವಿರುದ್ಧ. 1999ರ ಆಟದ ಸೈನಿಕರು, ಕೋಟೆಗಳು ತ್ರೀಡಿ ಮಾದರಿಯಿಂದ ತೆಗೆದ 256 ಬಣ್ಣದ ಚಿತ್ರಗಳು. 2019ರ ಡೆಫಿನಿಟಿವ್ ಎಡಿಷನ್ ಅದೇ ಕೋನ, ಅದೇ ಅನುಪಾತ ಉಳಿಸಿಕೊಂಡು ಎಲ್ಲವನ್ನೂ 4ಕೆ ಪರದೆಗೆ ಹೊಸದಾಗಿ ಮಾಡಿತು. ಬಿಲ್ಲುಗಾರ ಯಾರು, ಈಟಿಯವನು ಯಾರು ಎಂದು ದೂರದಿಂದಲೇ ತಿಳಿಯುವ ಗುಣ ಹಾಗೇ ಇದೆ. ಹೊಲ ತಾನೇ ಮತ್ತೆ ಬಿತ್ತನೆಯಾಗುವಂಥ ಸವಲತ್ತುಗಳೂ ಬಂದಿವೆ. ಮರಗಳು ಮಾತ್ರ ದಟ್ಟವಾಗಿ ಬೆಳೆದು ಹಿಂದಿನ ಸೈನಿಕರನ್ನು ಮುಚ್ಚುತ್ತವೆ, ಸ್ಪರ್ಧೆಗೆ ಆಡುವವರು ಮರ ಚಿಕ್ಕದು ಮಾಡುವ ಮಾಡ್ (ಆಟವನ್ನು ಬದಲಿಸುವ ಹೆಚ್ಚುವರಿ ಫೈಲು) ಹಾಕಿಕೊಳ್ಳುವುದು ಅದಕ್ಕೇ. 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ಈ ಆವೃತ್ತಿಗೆ ಮಾತ್ರ ಇದೆ. ದ್ರಾವಿಡರು, ಬಂಗಾಳಿಗಳು, ಗುರ್ಜರರು ಬೇರೆ ಬೇರೆ ನಾಗರಿಕತೆಗಳಾಗಿ ಬಂದದ್ದು, ರಾಜೇಂದ್ರ ಚೋಳನ ದಂಡಯಾತ್ರೆ ಆಡಲು ಸಿಗುವುದು ನಮ್ಮ ಕಡೆಯವರಿಗೆ ಒಳ್ಳೆಯ ಕಾರಣ. 2013ರ ಎಚ್‌ಡಿ ಆವೃತ್ತಿಯನ್ನು ಈಗ ಹೊಸದಾಗಿ ಕೊಳ್ಳುವ ಅಗತ್ಯವೇ ಇಲ್ಲ. ಲ್ಯಾಪ್‌ಟಾಪ್ ಹಳೆಯದಾದರೆ ಡೆಫಿನಿಟಿವ್ ಎಡಿಷನ್‌ನಲ್ಲೇ ಎನ್‌ಹ್ಯಾನ್ಸ್ಡ್ ಗ್ರಾಫಿಕ್ಸ್ ಪ್ಯಾಕ್ ಇಳಿಸಿಕೊಳ್ಳದೆ ಆಡಿ.

ಕ್ರ್ಯಾಶ್ ಬ್ಯಾಂಡಿಕೂಟ್‌ನ 2017ರ ಎನ್. ಸೇನ್ ಟ್ರಿಲಜಿ ನೋಡಲು ಮನಮೋಹಕ. ಹೊಸ ಎಂಜಿನ್‌ನಲ್ಲಿ ಕಟ್ಟಿದ್ದರಿಂದ ಜಿಗಿತ ಮಾತ್ರ ಮೂಲದಂತಿಲ್ಲ. ಅಂಚಿನ ಮೇಲೆ ಕಾಲಿಟ್ಟರೆ ಜಾರಿ ಬೀಳುತ್ತೀರಿ, ಮೊದಲ ಭಾಗದ ಕಿರಿದಾದ ಸೇತುವೆಗಳಲ್ಲಿ ಇದು ಅಳು ತರಿಸುತ್ತದೆ. ಹೊಸಬರು ಟ್ರಿಲಜಿಯಲ್ಲಿ ಎರಡನೇ ಭಾಗದಿಂದ ಶುರುಮಾಡಿದರೆ ಚೆನ್ನ.

ಸೈಲೆಂಟ್ ಹಿಲ್ 2ರ 2012ರ ಎಚ್‌ಡಿ ಕಲೆಕ್ಷನ್ ಅನ್ನು ಯಾರಿಗೂ ಹೇಳಲಾರೆ. ಅಂತಿಮ ರೂಪದ ಮೂಲ ಕೋಡ್ ಉಳಿದಿರಲಿಲ್ಲವಾದ್ದರಿಂದ ತಂಡ ಅರೆಬರೆ ಕೋಡ್ ಹಿಡಿದು ಕೆಲಸ ಮಾಡಬೇಕಾಯಿತು, ಮಂಜು ತೆಳುವಾಗಿ ನೀರು ಮುಗಿಯುವ ಅಂಚೇ ಕಾಣುವಂತಾಯಿತು. 2001ರ ಮೂಲ ಅಥವಾ 2024ರ ರೀಮೇಕ್, ಎರಡರಲ್ಲಿ ಒಂದು.

ರೆಸಿಡೆಂಟ್ ಈವಿಲ್ 2ರ ವಿಷಯದಲ್ಲಿ ಆಯ್ಕೆಯ ಪ್ರಶ್ನೆಯೇ ಬೇರೆ, ಯಾಕೆಂದರೆ ಅವು ಎರಡು ಪ್ರತ್ಯೇಕ ಆಟಗಳು. 1998ರದರಲ್ಲಿ ಕ್ಯಾಮೆರಾ ಗೋಡೆಗೆ ಮೊಳೆ ಹೊಡೆದಂತೆ ನಿಂತಿರುತ್ತದೆ, ಮೂಲೆಯಾಚೆ ನರಳುವ ಸದ್ದು ಕೇಳುತ್ತದೆ, ಕಾಣುವುದಿಲ್ಲ. 2019ರದರಲ್ಲಿ ಕ್ಯಾಮೆರಾ ಹೆಗಲ ಹಿಂದೆ ಬಂದು ಗುರಿ ಇಡುವ ಒತ್ತಡ ಹೆಚ್ಚುತ್ತದೆ. ಮೊದಲು 2019ರದು ಆಡಿ, ಮನಸೋತರೆ 1998ರದಕ್ಕೆ ಹೋಗಿ. ಅದು 2024ರಲ್ಲಿ ಜಿಒಜಿ ಎಂಬ ಆನ್‌ಲೈನ್ ಗೇಮ್ ಅಂಗಡಿಗೆ ಈಗಿನ ವಿಂಡೋಸ್‌ಗೆ ಹೊಂದುವಂತೆ ಬಂದಿದೆ.

ಹಳೆಯದು ಹೊಸದು ಎರಡನ್ನೂ ಒಂದೇ ಗುಂಡಿಯಲ್ಲಿ ಬದಲಿಸಿ ನೋಡಲು ಬಿಡುವ ಆವೃತ್ತಿಗಳು ನನಗೆ ಎಲ್ಲಕ್ಕಿಂತ ಇಷ್ಟ. 2009ರ ಮಂಕಿ ಐಲ್ಯಾಂಡ್ ಸ್ಪೆಷಲ್ ಎಡಿಷನ್, 2011ರ ಹೇಲೋ ಆ್ಯನಿವರ್ಸರಿ ಇಂಥವು. ಹೇಲೋದಲ್ಲಿ ಕತ್ತಲ ಸುರಂಗಕ್ಕೆ ಹೋಗಿ ಗುಂಡಿ ಒತ್ತಿ ನೋಡಿ. 2001ರ ಚಿತ್ರದಲ್ಲಿ ಕತ್ತಲು ಕತ್ತಲಾಗಿತ್ತು, ಹೊಸದರಲ್ಲಿ ಎಲ್ಲೆಡೆ ಬೆಳಕು.

ಚಿತ್ರಕ್ಕಿಂತ ಬೇಗ ಹಳತಾಗುವುದು

ಒರಟು ಚಿತ್ರಕ್ಕೆ ಕಣ್ಣು ಸ್ವಲ್ಪ ಹೊತ್ತಿನಲ್ಲಿ ಒಗ್ಗುತ್ತದೆ. ಕೈ ಅಷ್ಟು ಬೇಗ ಒಗ್ಗುವುದಿಲ್ಲ. 1998ರ ಜೆಲ್ಡಾ ಆಕರಿನಾ ಆಫ್ ಟೈಮ್ ಸೆಕೆಂಡಿಗೆ 20 ಫ್ರೇಮ್‌ನಲ್ಲಿ ಓಡುತ್ತಿತ್ತು, ನಿಂಟೆಂಡೊದ ಕೈಯಲ್ಲಿ ಹಿಡಿಯುವ ಯಂತ್ರ 3ಡಿಎಸ್‌ನ 2011ರ ಆವೃತ್ತಿಯಲ್ಲಿ ಅದು 30 ಆಯಿತು. ಆ ಹತ್ತು ಫ್ರೇಮ್‌ನ ವ್ಯತ್ಯಾಸ ಹೊಸ ಟೆಕ್ಸ್ಚರ್‌ಗಿಂತ ಹೆಚ್ಚು ಬೆಲೆಯದು. 1996ರ ಸೂಪರ್ ಮಾರಿಯೊ 64ರ ಜಿಗಿತ ಇವತ್ತಿಗೂ ಮಾದರಿ, ಅದರ ಕ್ಯಾಮೆರಾ ಜೊತೆಗೆ ಮಾತ್ರ ಗುದ್ದಾಡಬೇಕು. ಒಟ್ಟು ಗುಣಮಟ್ಟ ಅಳೆಯುವಾಗ ಗುಂಡಿ ಒತ್ತಿದ ಕೂಡಲೇ ಪಾತ್ರ ಮಾತು ಕೇಳುತ್ತದೆಯೇ, ಸೋತಾಗ ತಪ್ಪು ನಮ್ಮದೇ ಅನ್ನಿಸುತ್ತದೆಯೇ, ಎಲ್ಲಿ ಬೇಕಾದರೂ ಸೇವ್ ಮಾಡಬಹುದೇ ಎಂಬುದಕ್ಕೆ ಗ್ರಾಫಿಕ್ಸ್‌ಗಿಂತ ಹೆಚ್ಚು ತೂಕ ಕೊಡಿ.

ಇಎ ಕ್ರಿಕೆಟ್ 07 ನೋಡಿ. 2006ರಲ್ಲಿ ಬಂದ ಅದರ ಆಟಗಾರರ ಮುಖಗಳು ಆಗಲೂ ಅಷ್ಟಕ್ಕಷ್ಟೇ. ಆ ಸರಣಿಯಲ್ಲಿ ಅದೇ ಕೊನೆಯದು, ರೀಮಾಸ್ಟರ್ ಇಲ್ಲ. ಆದರೂ ಬ್ಯಾಟಿಗೆ ಚೆಂಡು ಸಿಗುವ ಹದ ಎಷ್ಟು ಚೆನ್ನಾಗಿತ್ತೆಂದರೆ ಅಭಿಮಾನಿಗಳೇ ಹೊಸ ಜೆರ್ಸಿ, ಹೊಸ ತಂಡ, ಹೊಸ ಕ್ರೀಡಾಂಗಣ ಮಾಡಿ ವರ್ಷ ವರ್ಷ ಪ್ಯಾಚ್ ಹಾಕುತ್ತ ಬಂದರು.

ಕೊಳ್ಳುವಾಗ

ಅಮೆರಿಕದ ವೀಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ 87 ಶೇಕಡಾ ಈಗ ಮಾರಾಟದಲ್ಲೇ ಇಲ್ಲ. ಹಾಗಾಗಿ ನಿಮಗೆ ಬೇಕಾದ ಆಟದ ಮೂಲ ಆವೃತ್ತಿ ಎಲ್ಲಾದರೂ ಸಿಗುತ್ತಿದ್ದರೆ ರಿಯಾಯಿತಿ ಬಂದಾಗ ಕೊಂಡಿಟ್ಟುಕೊಳ್ಳಿ, ರೀಮಾಸ್ಟರ್ ಬಂದ ದಿನ ಅದು ಮಾಯವಾಗಬಹುದು. ಪಿಸಿಯಲ್ಲಾದರೆ ಮೊದಲು ಜಿಒಜಿ ನೋಡಿ. 2024ರ ನವೆಂಬರ್‌ನಲ್ಲಿ 100 ಆಟಗಳೊಂದಿಗೆ ಶುರುವಾದ ಅವರ ಸಂರಕ್ಷಣಾ ಯೋಜನೆಯ ಗುರುತು ಇದ್ದರೆ ಈಗಿನ ಕಂಪ್ಯೂಟರ್‌ನಲ್ಲಿ ಓಡುವಂತೆ ಅವರೇ ನೋಡಿಕೊಳ್ಳುತ್ತಾರೆ. ಹಳೆಯ ಮೂಲಗಳಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಕಾಲೇಜಿನ ಲ್ಯಾಪ್‌ಟಾಪ್ ಸಾಕು.

ಅನುಮಾನವಿದ್ದರೆ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳಿ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಯೊಳಗೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ಆರಂಭದ ಕಥಾ ದೃಶ್ಯ ನೋಡುತ್ತ ಕಳೆಯಬೇಡಿ. ಆ ಆಟದಲ್ಲಿ ಅತಿ ಕತ್ತಲಿನ ಜಾಗಕ್ಕೆ, ಅತಿ ಗದ್ದಲದ ಕಾಳಗಕ್ಕೆ, ಮಳೆ ಸುರಿಯುವ ರಸ್ತೆಗೆ ಹೋಗಿ ನಿಲ್ಲಿ. ಅಲ್ಲಿ ದಾರಿ, ಶತ್ರು ಕಾಣದೆ ಹೋದರೆ, ಜಿಗಿತ ತಡವಾದರೆ ವಾಪಸ್ ಮಾಡಿ ಇನ್ನೊಂದು ಆವೃತ್ತಿ ತೆಗೆದುಕೊಳ್ಳಿ.